ಸೂಳೆಕೆರೆಯ ಸೀಮೆಯ ಶ್ರೀಗಂಧವೂ ಪ್ರಾಚೀನ ವಾಯುಗುಣವೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು, ಎಂದರೆ ಶಾಂತಿಸಾಗರವು, ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಸುಮಾರು 950 ಅಡಿ ಉದ್ದದ ಏರಿಯನ್ನು ಹಾಕಿ ಹರಿದ್ರಾನದಿಯನ್ನು ತಡೆದುದರಿಂದ ಉಂಟಾದುದು. ಶಾಂತವ್ವೆಯೆಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂಬುದು ಐತಿಹ್ಯ, ಕಾಲವನ್ನು ಕ್ರಿ. ಶ. 11-12ನೆಯ ಶತಮಾನವೆಂದು ಹೇಳುವ ವಾಡಿಕೆಯುಂಟು. ಕೆರೆಯ ಪ್ರಾಚೀನತೆಯನ್ನು ಕುರಿತು ಬರೆದವರು ಹಲವರಿದ್ದಾರೆ. ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಇಂತಹ ಎಡೆಯ ಒಣಕಾಡುಗಳಲ್ಲಿ ಮತ್ತಿ, ದಿಂಡಿಗ, ಮುತ್ತುಗಗಳ ನಡುವೆ ಬೆಳೆಯುವ ಶ್ರೀಗಂಧದ ಪ್ರಾಚೀನತೆಯಾದರೋ ಕೆರೆಗಿಂತ ಬಹು ಹಿಂದಿನದು. ಅದರ ವಿಚಾರವು ಅಷ್ಟಾಗಿ ನಡೆದಿಲ್ಲ.

ಶ್ರೀಗಂಧವು ಈ ನೆಲದ್ದೋ, ಹೊರಗಿನಿಂದ ಬಂದುದೋ ಎಂಬುದು ಮೊದಲನೆಯ ಪ್ರಶ್ನೆ. ಇದರ ಬಳಗದ ಇತರ ಮರಗಳು ಆಸ್ಟ್ರೇಲಿಯದಲ್ಲಿಯೂ ಶಾಂತಸಾಗರದ ದ್ವೀಪಗಳಲ್ಲಿಯೂ ಇರುವುದರಿಂದ, ಇದು ತಿಮೋರಿನ ಕಡೆಯಿಂದ ಹಡಗುಗಳಲ್ಲಿ ಬಂದಿತೆಂದು ಕೆಲವು ಸಸ್ಯಶಾಸ್ತ್ರಜ್ಞರ ಮತ. ಸಾಹಿತ್ಯಾಭ್ಯಾಸಿಗಳು ಇದಕ್ಕೆ ಉತ್ತರವಾಗಿ ಅಮರಕೋಶದ ‘ಮಲಯಜ’ ಶಬ್ದವನ್ನು ತೋರಿಸುವರು. ಶಬ್ದವು ಕೋಶಕಾರನ ಕಾಲದ ಪ್ರಸಿದ್ಧಿಯನ್ನು ಮಾತ್ರ ಹೇಳಬಲ್ಲದು, ಮರದ ಹುಟ್ಟನ್ನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾತನ, ಗೋಶೀರ್ಷ, ಹರಿಚಂದನ ಮೊದಲಾದ ಭೇದಗಳು ಎಣಿಸಲ್ಪಟ್ಟಿವೆಯಷ್ಟೆ. ಅವು ಬಣ್ಣ, ವಾಸನೆಗಳನ್ನು ಹಿಡಿದು ಭಂಡಾರದ ಅಧಿಕಾರಿಗಾಗಿ ಮಾಡಿದ ವಿಭಾಗಗಳು. ಅವನ್ನು ಇಂದಿನವರು ಹೇಳುವ ಆನುವಂಶಿಕ ವೈವಿಧ್ಯದೊಡನೆ ಸಮೀಕರಿಸುವುದು ಸಾಹಸವಾದೀತು.

ಗ್ರಂಥಗಳಿಗಿಂತ ಇದ್ದಲೇ ಇಲ್ಲಿ ಹೆಚ್ಚಿನ ಸಾಕ್ಷಿ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ದೊರೆತ ಶ್ರೀಗಂಧದ ಇದ್ದಲನ್ನು ಕ್ರಿ. ಪೂ. ಸುಮಾರು 1300ರದೆಂದು ನಿರ್ಣಯಿಸಿದ್ದಾರೆ. ಬಳಿಕ 2007ರಲ್ಲಿ ನಾಗೇಶ್ವರ ರಾವ್, ಕೆ. ಎನ್. ಗಣೇಶಯ್ಯ, ಆರ್. ಉಮಾಶಂಕರ್ ಇವರು ದಕ್ಷಿಣ ಭಾರತದ ಗಂಧದ ನೆಲೆಗಳನ್ನು ಪರೀಕ್ಷಿಸಿ, ಆನುವಂಶಿಕ ವೈವಿಧ್ಯವು ದಖ್ಖಣ ಪ್ರಸ್ಥಭೂಮಿಯಲ್ಲಿ ಅಧಿಕವೆಂದು ತೋರಿಸಿದರು. ಹಿಡಿಯಷ್ಟು ಬೀಜದಿಂದ ಈಚೆಗೆ ಹಬ್ಬಿದ ಮರದಲ್ಲಿ ಇಂತಹ ವೈವಿಧ್ಯವನ್ನು ನಿರೀಕ್ಷಿಸಲಾಗದು. ಆದುದರಿಂದ ಈ ಮರಕ್ಕೆ ಇಲ್ಲಿ ದೀರ್ಘಕಾಲದ ವಾಸವುಂಟೆಂಬುದು ಯುಕ್ತವಾಗಿದೆ; ಮೂಲಸ್ಥಾನದ ವಿವಾದವು ಮಾತ್ರ ಇಷ್ಟರಿಂದಲೇ ತೀರುವುದಿಲ್ಲ.

ಆ ದೀರ್ಘಕಾಲದಲ್ಲಿ ವಾಯುಗುಣವು ಒಂದೇ ತೆರನಾಗಿರಲಿಲ್ಲ. ನೀಲಗಿರಿಯ ಜೌಗುನೆಲದಲ್ಲಿ ಪದರಪದರವಾಗಿ ಕೂಡಿದ ಸಸ್ಯಶೇಷಗಳನ್ನು ಆರ್. ಸುಕುಮಾರ್ ಮೊದಲಾದವರು ಶೋಧಿಸಿ 1993ರಲ್ಲಿ ಪ್ರಕಟಿಸಿದರು. ಮರಗಳ ಇಂಗಾಲಕ್ಕೂ ಒಣಹವೆಯ ಹುಲ್ಲುಗಳ ಇಂಗಾಲಕ್ಕೂ ಸೂಕ್ಷ್ಮವಾದ ಭೇದವಿರುವುದರಿಂದ, ಯಾವ ಪದರದಲ್ಲಿ ಯಾವುದು ಮಿಕ್ಕಿತ್ತೆಂದು ತಿಳಿಯಬಹುದು. ಸುಮಾರು 18,000 ವರ್ಷಗಳ ಹಿಂದೆ ಹಿಮಯುಗದ ಪರಾಕಾಷ್ಠೆಯಲ್ಲಿ ಮುಂಗಾರು ಕ್ಷೀಣಿಸಿತ್ತು. 11,000 ವರ್ಷಗಳ ಹಿಂದಣ ಸುಮಾರಿಗೆ ಮಳೆಯು ಬಲವಾಯಿತು. 6,000ದಿಂದ 3,500 ವರ್ಷಗಳ ಹಿಂದಿನವರೆಗೆ ಮರಳಿ ಶುಷ್ಕಕಾಲವು ಬಂದಿತು. ಸಂಗನಕಲ್ಲಿನ ಇದ್ದಲು ಈ ಶುಷ್ಕಕಾಲದ ಕೊನೆಗೆ ಸರಿಹೊಂದುವುದು ಗಮನಾರ್ಹ.

ಒಣಕಾಡಿನ ಮರಕ್ಕೆ ಬರಗಾಲವೊಂದೇ ಶತ್ರುವೆಂದು ಭಾವಿಸಬಾರದು. ಮಳೆ ಹೆಚ್ಚಿ ಕಾಡು ದಟ್ಟವಾದರೆ, ಬೆಳಕನ್ನು ಬಯಸುವ ಶ್ರೀಗಂಧವು ಅಂಚಿಗೆ ಸರಿಯಬೇಕು; ಮಳೆಯು ತೀರ ಕುಗ್ಗಿದರೆ, ಬೇರಿಗೆ ಬೇರು ಕೂಡಿಸಿ ಆಹಾರ ಪಡೆಯುವ ಅದಕ್ಕೆ ಆಸರೆಮರಗಳೇ ಇಲ್ಲವಾಗುವವು. ಹೀಗೆ ಎರಡು ಬಗೆಯಲ್ಲಿಯೂ ನೆಲೆಗಳು ತುಂಡಾಗಿ, ಪ್ರತ್ಯೇಕವಾಗಿ ಉಳಿದ ಗುಂಪುಗಳು ತಂತಮ್ಮ ಲಕ್ಷಣಗಳನ್ನು ಪಡೆದು, ಅನುಕೂಲಕಾಲದಲ್ಲಿ ಹಣ್ಣು ತಿನ್ನುವ ಹಕ್ಕಿಗಳು ಚೆಲ್ಲಿದ ಬೀಜದಿಂದ ಮರಳಿ ಬೆರೆತಿರಬೇಕು. ಇದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಮಲೆನಾಡಿಗೂ ಬಯಲಿಗೂ ಗಡಿಯಾದ ಸೂಳೆಕೆರೆಯ ಸೀಮೆಯಂತಹ ನೆಲದಲ್ಲಿ ಈ ಹಿಂಜರಿತ ಮುಂಜರಿತಗಳು ಹೆಚ್ಚಾಗಿ ನಡೆದಿರುವುದು ಸಂಭವನೀಯ. ಶಾಂತವ್ವೆಯ ಏರಿಗೆ ಒಂಬೈನೂರು ವರ್ಷವೆಂದರೂ ಈ ಲೆಕ್ಕದಲ್ಲಿ ಅದು ನಿನ್ನೆಯ ಮಾತು.

ಈಚಿನ ಕಾಲದಲ್ಲಿ ಮಳೆಗಿಂತ ಕೊಡಲಿಯು ಬಲಶಾಲಿಯಾಯಿತು. 1792ರಲ್ಲಿ ಟಿಪ್ಪೂ ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಸರ್ಕಾರಗಳೂ ಆ ಏಕಸ್ವಾಮ್ಯವನ್ನು ಬಿಡಲಿಲ್ಲ. ಒಡೆತನವು ದೊರೆಯದಾದರೂ ಕದಿಯುವವರು ಇದ್ದೇ ಇದ್ದರು. ಕಡಿಯುವವರು ಚೇಗುಳ್ಳ ಮರವನ್ನೇ ಆರಿಸಿದುದರಿಂದ ಉತ್ತಮವಾದ ತಾಯಿಮರಗಳು ಮೊದಲು ಹೋದವು. ಅಳಿದುಳಿದ ಬೇರಿನಿಂದ ಹೊಸ ಕುಡಿಗಳು ಏಳುವುದುಂಟು. ಆದರೆ ಅವೆಲ್ಲ ಒಂದೇ ಮರದ ಪ್ರತಿರೂಪಗಳಾದುದರಿಂದ ಗಿಡಗಳ ಸಂಖ್ಯೆಯು ಹೆಚ್ಚಿದರೂ ವೈವಿಧ್ಯವು ಹೆಚ್ಚುವುದಿಲ್ಲ. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಹೊಲದೊಡೆಯನಿಗೆ ತನ್ನ ನೆಲದ ಗಂಧದ ಮೇಲೆ ಹಕ್ಕು ದೊರೆತು, ರೈತರು ಸಸಿ ನೆಡತೊಡಗಿದ್ದಾರೆ. ಆ ಸಸಿಗಳ ಬೀಜವು ಯಾವ ಗುಡ್ಡದ, ಎಷ್ಟು ಮರಗಳದು ಎಂಬುದನ್ನು ಬರೆದಿಡುವ ಪದ್ಧತಿಯು ಅವಶ್ಯವಾಗಿ ಬೇಕಾಗಿದೆ.