ಶ್ರೀಗಂಧಕ್ಕೆ ತಗುಲಿದ ಸ್ಪೈಕ್ ರೋಗ

ಶ್ರೀಗಂಧದ ಮರಕ್ಕೆ ಸ್ಪೈಕ್‌ನಷ್ಟು ಹಾನಿ ಮಾಡಿದ ರೋಗ ಬೇರೊಂದಿಲ್ಲ. ಅದು ಮೊದಲು ದಾಖಲಾದದ್ದು 1899ರಲ್ಲಿ, ಕೊಡಗಿನಲ್ಲಿ. ಮುಂದೆ ಮೈಸೂರು ಸೀಮೆಯ ಕಾಡುಗಳಿಗೂ ಹಬ್ಬಿತು. ರೋಗ ತಗುಲಿದ ಮರದ ಎಲೆಗಳು ಚಿಕ್ಕದಾಗಿ, ಬಿರುಸಾಗಿ, ಕೊಂಬೆಯಿಂದ ಸೆಟೆದು ನಿಲ್ಲುತ್ತವೆ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ ರೆಂಬೆಯೆಲ್ಲ ಮುಳ್ಳಿನ ಕುಚ್ಚಿನಂತಾಗುತ್ತದೆ. ಹೂ ಬಿಡುವುದು, ಕಾಯಿ ಕಚ್ಚುವುದು ನಿಲ್ಲುತ್ತದೆ. ಶ್ರೀಗಂಧದ ಕಪ್ಪು ಹಣ್ಣು ತಿಂದು ಬೀಜ ಹರಡುವವು ಹಕ್ಕಿಗಳು. ಹಣ್ಣೇ ಇಲ್ಲದಾಗ ಹೊಸ ಸಸಿಗಳೂ ವಿರಳವಾಗುತ್ತವೆ. ಪಕ್ಕದ ಗಿಡಗಳ ಬೇರಿಗೆ ಅಂಟಿ ನೀರು, ಲವಣ ಹೀರುವ ಹೀರುಬೇರುಗಳು ಸಾಯುತ್ತವೆ. ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ.

ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಶ್ರೀಗಂಧ ದೊಡ್ಡ ಆದಾಯವಾಗಿತ್ತು. ಪರಿಹಾರ ಕಂಡುಹಿಡಿದವರಿಗೆ ಸರ್ಕಾರ 10,000 ರೂಪಾಯಿ ಬಹುಮಾನ ಸಾರಿತು. ಲಂಟಾನ ಪೊದೆ, ಕಾಡುಕಿಚ್ಚು, ಬರ, ಹೀಗೆ ಒಬ್ಬೊಬ್ಬರು ಒಂದೊಂದನ್ನು ದೂರಿದರು. ಕಾರಣ ತಿಳಿಯದಿದ್ದರೂ ರೋಗದ ಮರಗಳನ್ನು ಲಕ್ಷಗಟ್ಟಲೆ ಕಿತ್ತುಹಾಕಲಾಯಿತು. ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ರೋಗದ ಕೊಂಬೆಯನ್ನು ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿ, ಇದು ಮರದಿಂದ ಮರಕ್ಕೆ ಅಂಟುವ ರೋಗವೆಂದು ತೋರಿಸಿ, 1917ರಲ್ಲಿ ಪ್ರಕಟಿಸಿದರು. ಈ ರೋಗದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಯೋಗ ಮತ್ತೊಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಂಶೋಧನೆ ಮುಂದುವರಿಯಿತು. ಬಹುಕಾಲ ವೈರಸ್ ಎಂದೇ ನಂಬಲಾಗಿತ್ತು. ಈಗ ಫೈಟೊಪ್ಲಾಸ್ಮಾ ಎನಿಸಿಕೊಳ್ಳುವ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿ 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ರಸ ಹೀರುವ ಜಿಗಿಹುಳುಗಳು ಅದನ್ನು ಹರಡುತ್ತವೆ. ಕಾಂಡಕ್ಕೆ ಟೆಟ್ರಾಸೈಕ್ಲಿನ್ ಚುಚ್ಚಿದರೆ ಕೆಲವು ತಿಂಗಳು ಹೊಸ ಚಿಗುರು ಬರುತ್ತದೆ, ಆಮೇಲೆ ರೋಗ ಮರಳುತ್ತದೆ.

ನಿರ್ವಹಣೆಗೆ ಇನ್ನೊಂದು ತೊಡಕೂ ಇತ್ತು. ಖಾಸಗಿ ಜಮೀನಿನಲ್ಲಿ ಬೆಳೆದರೂ ಶ್ರೀಗಂಧ ಸರ್ಕಾರದ ಸ್ವತ್ತಾಗಿತ್ತು. ತನ್ನದಲ್ಲದ ಮರದ ಎಲೆ ಸೆಟೆದರೆ ರೈತ ಗಮನಿಸುವುದಾದರೂ ಏಕೆ? 2001ರ ಕಾನೂನು ತಿದ್ದುಪಡಿ ಭೂಮಾಲೀಕನಿಗೇ ಒಡೆತನ ಕೊಟ್ಟಿತು. ಅಲ್ಲಿಂದೀಚೆಗೆ ರೈತರ ಹೊಲಗಳಲ್ಲಿ ಶ್ರೀಗಂಧದ ತೋಟಗಳು ಎದ್ದಿವೆ.

ಬೆಂಗಳೂರಿನ ಮಾಗಡಿ ರಸ್ತೆಯ ಬಳಿಯ, ಹೆಸರಲ್ಲೇ ಶ್ರೀಗಂಧವಿರುವ ಶ್ರೀಗಂಧದ ಕಾವಲ್ ಇಂದು ಮನೆಗಳು ತುಂಬಿದ ಬಡಾವಣೆ. ಅಂಥ ಕಡೆ ಕಾಂಪೌಂಡಿನಲ್ಲಿ ಒಂದೇ ಗಿಡ ನೆಡುವವರಿಗೂ, ತೋಟ ಮಾಡುವವರಿಗೂ ಹೇಳಬೇಕಾದ ಮಾತು ಒಂದೇ: ಆರೋಗ್ಯವಂತ ಮರದ ಬೀಜದಿಂದ ಎದ್ದ ಸಸಿಯನ್ನು ನಂಬಿಕೆಯ ನರ್ಸರಿಯಿಂದಲೇ ತನ್ನಿ, ಎಲೆ ಕಿರಿದಾಗಿ ಸೆಟೆಯುವುದು ಕಂಡರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ.