ಹೆರಿಗೆಯ ನೋವು ಮತ್ತು ಸಮ್ಮೋಹನ ವಿದ್ಯೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ: ಒಂದು ಪ್ರಾಣಭಯ, ಇನ್ನೊಂದು ನೋವು. ಪ್ರಾಣಭಯವನ್ನು ಕಳೆಯಲು ವೈದ್ಯಶಾಸ್ತ್ರ ಪಟ್ಟ ಶ್ರಮ ಎಲ್ಲರಿಗೂ ಗೊತ್ತು. ನೋವನ್ನು ಬರಿಯ ಮಾತಿನಿಂದ ತಗ್ಗಿಸಲು ನಡೆದ ಪ್ರಯತ್ನದ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಸಮ್ಮೋಹನವೆಂದೊಡನೆ ಜಾತ್ರೆಯ ಜಾದೂಗಾರನು ನೆನಪಿಗೆ ಬರುವುದು ಸಹಜ. ಆದರೆ ಈ ವಿದ್ಯೆ ನಮ್ಮ ದೇಶದಲ್ಲೇ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿ ಸುಮಾರು ನೂರೆಂಬತ್ತು ವರ್ಷಗಳಾದುವು.

ಹದಿನೆಂಟನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯರು, ದೇಹಗಳಲ್ಲಿ ಹರಿಯುವ ಕಾಣದ ಶಕ್ತಿಯೊಂದರಿಂದ ರೋಗ ವಾಸಿಮಾಡುತ್ತೇನೆಂದು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದರು. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿಯು, ಅಂಥ ಶಕ್ತಿಯೇನೂ ಇಲ್ಲ, ಗುಣ ಕಂಡದ್ದು ರೋಗಿಯ ಕಲ್ಪನೆಯಿಂದ ಎಂದು ತೀರ್ಪು ಕೊಟ್ಟಿತು. ಆ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನರೂ ಇದ್ದರು. ಮೆಸ್ಮರರ ಸಿದ್ಧಾಂತ ಬಿದ್ದುಹೋಯಿತು. ಆದರೆ ಬರಿಯ ಕಲ್ಪನೆಗೆ ಇಷ್ಟು ಬಲ ಹೇಗೆ ಬಂತು ಎಂಬ ಪ್ರಶ್ನೆ ಉಳಿಯಿತು.

1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲರು ಇದೇ ಕ್ರಮವನ್ನು ಕೈಗೆತ್ತಿಕೊಂಡರು. ಆಗ ಅರಿವಳಿಕೆಯ ಔಷಧಗಳು ಬಳಕೆಗೆ ಬಂದಿರಲಿಲ್ಲ. ರೋಗಿಯನ್ನು ಸಮ್ಮೋಹನಕ್ಕೆ ಒಳಪಡಿಸಿ, ದೊಡ್ಡ ದೊಡ್ಡ ಗೆಡ್ಡೆಗಳನ್ನು ಅವರು ಕತ್ತರಿಸಿ ತೆಗೆದರು. ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯನ್ನು ಸರ್ಕಾರವು ಪ್ರಯೋಗಾರ್ಥವಾಗಿ ನಡೆಸಿತು. ಆದರೆ 1846ರಲ್ಲಿ ಈಥರೂ 1847ರಲ್ಲಿ ಕ್ಲೋರೋಫಾರ್ಮೂ ಬಂದುವು. ಎಡಿನ್‌ಬರೋದ ಸಿಂಪ್ಸನ್ನರು ಹೆರಿಗೆಯಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ತೆಗೆದುಕೊಂಡ ಮೇಲೆ ಆಕ್ಷೇಪಗಳು ಬಹಳಮಟ್ಟಿಗೆ ಅಡಗಿದುವು. ಸೀಸೆಯ ಮದ್ದು ಕೆಲವೇ ನಿಮಿಷಗಳಲ್ಲಿ ಮಾಡುವ ಕೆಲಸಕ್ಕೆ ಗಂಟೆಗಟ್ಟಲೆ ಕಾಯುವವರಾರು? ಸಮ್ಮೋಹನವು ಮೂಲೆಗುಂಪಾಯಿತು.

ಅದು ಮತ್ತೆ ತಲೆಯೆತ್ತಿದ್ದು ಹೆರಿಗೆಯ ಕೋಣೆಯಲ್ಲಿ. 1920ರ ದಶಕದಲ್ಲಿ ಖಾರ್ಕೋವ್ ನಗರದ ವೈದ್ಯರು ಗರ್ಭಿಣಿಯರ ಮೇಲೆ ಇದನ್ನು ಪ್ರಯೋಗಿಸಿದರು. ಒಬ್ಬೊಬ್ಬರಿಗೂ ಬೇಕಾಗುವ ಕಾಲ ಬಹಳವಾದ್ದರಿಂದ, ಮುಂದೆ ಅಲ್ಲಿಯ ವೆಲ್ವೊವ್ಸ್ಕಿ ಮೊದಲಾದವರು ಗರ್ಭಿಣಿಯರಿಗೆ ಮುಂಚಿತವಾಗಿಯೇ ಪಾಠ ಹೇಳುವ ಕ್ರಮವನ್ನು ರೂಪಿಸಿದರು. 1951ರಲ್ಲಿ ಅದನ್ನು ಕಂಡುಬಂದ ಲಮಾಜ್ ಎಂಬ ವೈದ್ಯರಿಂದ ಅದು ಪ್ಯಾರಿಸ್ಸಿಗೂ ಹಬ್ಬಿತು. ಇಂಗ್ಲೆಂಡಿನ ಡಾ. ಡಿಕ್-ರೀಡರು 1933ರಿಂದಲೇ ಬರೆಯುತ್ತ ಬಂದದ್ದೂ ಇದಕ್ಕೆ ಹತ್ತಿರದ ಮಾತು: ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವು ಮತ್ತೆ ಭಯವನ್ನು ಬೆಳೆಸುತ್ತದೆ. 1955ರಲ್ಲಿ ಬ್ರಿಟಿಷ್ ವೈದ್ಯ ಸಂಘದ ಸಮಿತಿಯು ಹೆರಿಗೆ ನೋವಿನ ಶಮನಕ್ಕೆ ಸಮ್ಮೋಹನವು ಉಪಯುಕ್ತವೆಂದು ಒಪ್ಪಿತು.

ಇಷ್ಟನ್ನೂ ಕೇಳಿದ ಮೇಲೆ ನಮ್ಮ ನಾಡಿನ ಸೂಲಗಿತ್ತಿಯರು ನೆನಪಾಗದೆ ಇರರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತ ವಿದ್ಯೆಯಿಂದ ಸುಮಾರು ಎಪ್ಪತ್ತು ವರ್ಷಕಾಲ, ಹಣ ಮುಟ್ಟದೆ, 15,000ಕ್ಕೂ ಮಿಕ್ಕು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಅವರು ಗತಿಸಿದರು. ಸೂಲಗಿತ್ತಿಯರು ಸಮ್ಮೋಹನ ಮಾಡುತ್ತಿದ್ದರೆಂದು ಹೇಳುವುದು ಸರಿಯಾಗದು. ಆದರೆ ಪರಿಚಯದ ದನಿ, ಸೊಂಟ ನೀವುವ ಕೈ, ‘ಇನ್ನೇನು ಆಯಿತು ತಾಯಿ, ಹೆದರಬೇಡ’ ಎಂಬ ಮಾತು, ಇವು ಡಿಕ್-ರೀಡರು ಹೇಳಿದ ಭಯದ ಸರಪಳಿಯನ್ನು ತುಂಡರಿಸುವಂಥವೇ ಅಲ್ಲವೆ?

ಆದರೂ ಮಾತು ಎಲ್ಲವನ್ನೂ ಮಾಡಲಾರದು. ರಕ್ತಸ್ರಾವವನ್ನು ಅದು ನಿಲ್ಲಿಸದು. ಅಡ್ಡವಾದ ಕೂಸನ್ನು ತಿರುಗಿಸದು. ಏರಿದ ರಕ್ತದೊತ್ತಡಕ್ಕೆ ಮದ್ದಾಗದು. ಬೆಂಗಳೂರಿನ ಕೋಟೆಯ ಬಳಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಏಕೆ ಬೇಕಾಯಿತೆಂಬುದಕ್ಕೆ ಇದೇ ಉತ್ತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆದುವು. ಹಿಂದೆ ಹಳ್ಳಿಗಳಾಗಿದ್ದು ಈಗ ನಗರದೊಳಗೇ ಸೇರಿಹೋಗಿರುವ ಅಬ್ಬಿಗೆರೆ, ಯಲಹಂಕಗಳ ಹೆಣ್ಣುಮಕ್ಕಳಿಗೆ ಸೂಲಗಿತ್ತಿಯೆಂದರೆ ಅಜ್ಜಿಯರ ಬಾಯಲ್ಲಿ ಕೇಳಿದ ಹೆಸರಷ್ಟೇ. ಪ್ರಾಣ ಉಳಿಯಿತು; ಅದು ದೊಡ್ಡ ಲಾಭ. ಆದರೆ ನೋವು ತಿನ್ನುವವಳ ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವವರು ಎಷ್ಟೋ ಕಡೆ ಬಾಗಿಲ ಹೊರಗೆ ಉಳಿದರು.

ಈಗಿನ ಸಮ್ಮೋಹನ ಕ್ರಮ ಆ ಕೊರತೆಯನ್ನು ಒಂದಿಷ್ಟು ತುಂಬಿಕೊಡಲು ನೋಡುತ್ತದೆ. ಇದರಲ್ಲಿ ಮೈಮರೆಯುವುದಿಲ್ಲ, ನಿದ್ರೆಯೂ ಇಲ್ಲ. ಬಸುರಿಯು ಕೊನೆಯ ತಿಂಗಳುಗಳಲ್ಲಿ ನಿಧಾನವಾಗಿ ಉಸಿರಾಡುವುದನ್ನು, ಮೈಯನ್ನು ಸಡಿಲ ಬಿಡುವುದನ್ನು, ಹಿತವಾದ ಒಂದು ಚಿತ್ರದಲ್ಲಿ ಮನಸ್ಸು ನಿಲ್ಲಿಸುವುದನ್ನು ದಿನದಿನವೂ ಅಭ್ಯಾಸಮಾಡುತ್ತಾಳೆ. ನೋವು ಬಂದಾಗ ಅದೇ ಅಭ್ಯಾಸ ಕೈಹಿಡಿಯುತ್ತದೆ. ಇದರ ಫಲವೆಷ್ಟು? ಒಂಬತ್ತು ಪ್ರಯೋಗಗಳಲ್ಲಿನ 2,954 ಸ್ತ್ರೀಯರ ಅನುಭವವನ್ನು ಕಾಕ್ರೇನ್ ಸಂಸ್ಥೆಯ ಪರಿಶೀಲಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ನೋವಿನ ಔಷಧದ ಬಳಕೆ ಒಟ್ಟಿನಲ್ಲಿ ಕಡಿಮೆಯಾಗಬಹುದು. ಆದರೆ ಬೆನ್ನಿಗೆ ಕೊಡುವ ಅರಿವಳಿಕೆಯ ಬಳಕೆ ತಗ್ಗಿದಂತೆ ಕಾಣಲಿಲ್ಲ. ಆದುದರಿಂದ ಇದು ಮಂತ್ರದಂಡವಲ್ಲ, ಊರುಗೋಲು. ಇದನ್ನು ಅಭ್ಯಾಸ ಮಾಡಿದವಳು ನೋವು ತಾಳದೆ ಮದ್ದು ಕೇಳಿದರೆ ಅದು ಸೋಲಲ್ಲ. ಇದನ್ನು ನಂಬಿ ಡಾಕ್ಟರನ್ನು ಬಿಡುವುದೂ ಸಲ್ಲದು.

ನಮ್ಮ ಸರ್ಕಾರಿ ಆಸ್ಪತ್ರೆಗಳಿಗಾಗಿ 2017ರಲ್ಲಿ ಆರಂಭವಾದ ‘ಲಕ್ಷ್ಯ’ ಯೋಜನೆಯು ಹೆರಿಗೆಯ ವೇಳೆ ತಾಯಿಯ ಆಯ್ಕೆಯ ಒಬ್ಬ ಜೊತೆಗಾತಿ ಇರಬೇಕೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಜೊತೆಗಾರರನ್ನೂ ಉಸಿರಾಟವೇ ಮೊದಲಾದ ವಿಶ್ರಾಂತಿಯ ಕ್ರಮಗಳನ್ನೂ ಶಿಫಾರಸು ಮಾಡಿತು. ಕ್ಲೋರೋಫಾರ್ಮು ಬಂದಾಗ ಮಾತನ್ನು ಹೊರಗಟ್ಟಿದರು. ಆಸ್ಪತ್ರೆ ಬಂದಾಗ ಸೂಲಗಿತ್ತಿಯನ್ನು ಮರೆತರು. ಒಂದು ಬಂದರೆ ಇನ್ನೊಂದು ಹೋಗಲೇಬೇಕೆಂಬ ನಿಯಮವೇನೂ ಇಲ್ಲ. ಮನೆಯಲ್ಲಿ ಬಸುರಿಯಿರುವ ಗೃಹಸ್ಥರು ಆಸ್ಪತ್ರೆಯನ್ನು ಗೊತ್ತುಮಾಡುವಾಗಲೇ, ಆ ಹೊತ್ತಿಗೆ ಅವಳ ಕೈಹಿಡಿದು ಕೂರುವವರು ಯಾರೆಂಬುದನ್ನೂ ಅವಳನ್ನೇ ಕೇಳಿ ಗೊತ್ತುಮಾಡುವುದು ಒಳ್ಳೆಯದು.