ಬಸುರಿಯ ತೂಕಕ್ಕೆ ಹಾಕಿದ ಬೇಲಿ

‘ಬಸುರಿ ಇಬ್ಬರ ಪಾಲು ಉಣ್ಣಬೇಕು’ ಎಂಬ ಮಾತು ನಮ್ಮಲ್ಲಿದೆ. ‘ಹೊಟ್ಟೆ ಬಿರಿಯ ಉಂಡರೆ ಕೂಸಿಗೆ ಜಾಗವೆಲ್ಲಿ?’ ಎಂಬ ಮಾತೂ ಅದೇ ಮನೆಯಲ್ಲಿ ಕೇಳಿಬರುತ್ತದೆ. ಎರಡನೆಯದು ಬರೀ ಅಜ್ಞಾನವೆಂದು ನಗುವವರು ಒಂದು ಸಂಗತಿಯನ್ನು ತಿಳಿಯಬೇಕು. ಗರ್ಭಿಣಿ ಕಡಿಮೆ ಉಣ್ಣಲಿ ಎಂದು ಯುರೋಪು, ಅಮೆರಿಕಗಳ ವೈದ್ಯರೂ ದಶಕಗಳ ಕಾಲ ಹೇಳಿದರು.

ಅದಕ್ಕೆ ಕಾರಣವಿತ್ತು. ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ಬಿಸಿಲು ಕಾಣದೆ ಬೆಳೆದ ಹೆಣ್ಣುಮಕ್ಕಳಿಗೆ ರಿಕೆಟ್ಸ್ ರೋಗ ತಗಲುತ್ತಿತ್ತು. ಮೂಳೆ ಮೆತ್ತಗಾಗಿ ಸೊಂಟದ ಗೂಡು ಚಪ್ಪಟೆಯಾಗುತ್ತಿತ್ತು. ಅಂಥವರು ಬಸುರಾದರೆ ಕೂಸು ಹೊರಬರಲು ದಾರಿಯೇ ಸಾಲದು. ಸಿಸೇರಿಯನ್ ಆಗ ಪ್ರಾಣದೊಡನೆ ಆಡುವ ಜೂಜು. ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಲುಡ್ವಿಗ್ ಪ್ರೊಖೋವ್ನಿಕ್ 1889ರಲ್ಲಿ ಒಂದು ಉಪಾಯ ಮುಂದಿಟ್ಟರು. ಬಾಗಿಲು ಅಗಲಿಸಲಾಗದಿದ್ದರೆ ಕೂಸನ್ನೇ ಚಿಕ್ಕದಾಗಿಸೋಣ. ಹೆರಿಗೆ ಸಮೀಪಿಸಿದಂತೆ ಪಿಷ್ಟ, ಸಕ್ಕರೆ, ನೀರು ಎಲ್ಲವನ್ನೂ ಕಡಿಮೆ ಕೊಡೋಣ. ಇದು ಸೊಂಟ ಕಿರಿದಾದವರಿಗೆ ಮಾತ್ರ ಹೇಳಿದ ಪಥ್ಯ.

1920ರ ದಶಕದಲ್ಲಿ ಡಿ ಜೀವಸತ್ವದ ಗುಟ್ಟು ತಿಳಿದು ರಿಕೆಟ್ಸ್ ಹಿಂಜರಿಯಿತು. ಪಥ್ಯ ಮಾತ್ರ ಉಳಿಯಿತು, ಎಲ್ಲ ಗರ್ಭಿಣಿಯರಿಗೂ ಹಬ್ಬಿತು. ಈಗ ಅದಕ್ಕೆ ಸಿಕ್ಕ ನೆಪ ಗರ್ಭನಂಜು. ಮೊದಲ ಮಹಾಯುದ್ಧದ ಅಭಾವದ ದಿನಗಳಲ್ಲಿ ಜರ್ಮನಿಯಲ್ಲಿ ಈ ನಂಜಿನ ಸೆಳವು ಕಡಿಮೆಯಾಗಿದ್ದನ್ನು ಕಂಡು, ಊಟ ಕಡಿಮೆಯಾದರೆ ರೋಗವೂ ಕಡಿಮೆ ಎಂದು ವೈದ್ಯರು ತೀರ್ಮಾನಿಸಿದರು. ನಂಜು ತಗಲಿದಾಗ ದೇಹದಲ್ಲಿ ನೀರು ತುಂಬಿ ತೂಕ ಏರುವುದು ನಿಜ. ಆದರೆ ಅದು ರೋಗದ ಲಕ್ಷಣ. ಲಕ್ಷಣವನ್ನೇ ಕಾರಣವೆಂದು ಬಗೆದದ್ದು ಆ ಕಾಲದ ದೊಡ್ಡ ತಪ್ಪು. ಅಮೆರಿಕದಲ್ಲಿ 15–20 ಪೌಂಡು, ಅಂದರೆ ಸುಮಾರು 7ರಿಂದ 9 ಕಿಲೋ ಮೀರಬಾರದೆಂದು ಕಟ್ಟುನಿಟ್ಟಾಯಿತು. ಮೀರಿದವರಿಗೆ ಬೈಗುಳ, ಮೂತ್ರ ಹೆಚ್ಚಿಸುವ ಮಾತ್ರೆ, ಹಸಿವು ಅಡಗಿಸುವ ಮಾತ್ರೆಗಳೂ ದೊರೆತವು!

ಹಸಿವು ಏನು ಮಾಡಬಲ್ಲದೆಂದು ತೋರಿಸಿದ್ದು ಇನ್ನೊಂದು ಯುದ್ಧ. 1944–45ರ ಚಳಿಗಾಲದಲ್ಲಿ ನಾಜಿ ಆಕ್ರಮಣದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ನಿಂತುಹೋಯಿತು. ಬಸಿರಿನ ಕೊನೆಯ ತಿಂಗಳುಗಳನ್ನು ಆ ಕ್ಷಾಮದಲ್ಲಿ ಕಳೆದ ತಾಯಂದಿರ ಕೂಸುಗಳು ಸರಾಸರಿ ಸುಮಾರು 300 ಗ್ರಾಂ ಹಗುರವಾಗಿ ಹುಟ್ಟಿದವು.

ಇಷ್ಟೆಲ್ಲ ತೂಕ ಹೋಗುವುದಾದರೂ ಎಲ್ಲಿಗೆ? ಬ್ರಿಟನ್ನಿನ ಹೈಟನ್ ಮತ್ತು ಲೀಚ್ 1964ರಲ್ಲಿ ಲೆಕ್ಕ ಒಪ್ಪಿಸಿದರು. ಒಟ್ಟು 12.5 ಕಿಲೋದಲ್ಲಿ ಕೂಸಿನದು 3 ಕಿಲೋ ಚಿಲ್ಲರೆ. ಮಾಸು, ಗರ್ಭದ ನೀರು, ಬೆಳೆದ ಗರ್ಭಕೋಶ, ಹೆಚ್ಚಿದ ರಕ್ತ ಇವೆಲ್ಲ ಸೇರಿ ಇನ್ನಷ್ಟು. ಮೊಲೆಹಾಲಿನ ದಿನಗಳಿಗೆಂದು ದೇಹ ಕೂಡಿಟ್ಟ ಕೊಬ್ಬು ಮತ್ತೆ 3 ಕಿಲೋ ಮೇಲೆ. 1970ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ ಬೇಲಿಯನ್ನು ಕಿತ್ತು 20–25 ಪೌಂಡು ಎಂದಿತು. 1990ರಲ್ಲಿ ಎಲ್ಲರಿಗೂ ಒಂದೇ ಅಳತೆ ಎಂಬುದೂ ಹೋಯಿತು. ತೀರ ತೆಳ್ಳಗಿದ್ದವರಿಗೆ 12.5–18 ಕಿಲೋ, ಸಾಮಾನ್ಯರಿಗೆ 11.5–16, ದಪ್ಪಗಿದ್ದವರಿಗೆ 7–11.5. 2009ರಲ್ಲಿ ಅತಿ ಸ್ಥೂಲರಿಗೆ 5–9 ಕಿಲೋ ಎಂಬ ಮಿತಿ ಸೇರಿತು.

ನಮ್ಮಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತ ಬಂದದ್ದು 10–12 ಕಿಲೋ. ಮನೆಯ ಮಾತು ಬೇರೆ. ದಕ್ಷಿಣ ಕನ್ನಡದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ದಂಪತಿ ಮಾರ್ಕ್ ಮತ್ತು ಮಿಮಿ ನಿಕ್ಟರ್, ಅನ್ನವೂ ಕೂಸೂ ಒಂದೇ ಜಾಗ ಹಂಚಿಕೊಳ್ಳುತ್ತವೆ ಎಂಬ ನಂಬಿಕೆಯನ್ನು 1983ರಲ್ಲಿ ದಾಖಲಿಸಿದರು. 1975ರಲ್ಲಿ ಟಿ. ನರಸೀಪುರದಿಂದ ಆರಂಭವಾದ ಅಂಗನವಾಡಿ ಪೂರಕ ಆಹಾರವಾಗಲಿ, 2017ರ ಮಾತೃಪೂರ್ಣ ಬಿಸಿಯೂಟವಾಗಲಿ ಈ ನಂಬಿಕೆಯ ಎದುರೇ ತಟ್ಟೆ ಇಡಬೇಕಾಯಿತು.

ಚಿತ್ರೀಕರಣಕ್ಕೆ ಹೋದಾಗ ಹಳ್ಳಿಯ ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: ‘ಕೂಸು ದೊಡ್ಡದಾಗ್ಲಿ ಅಂತೀಯಲ್ಲಪ್ಪಾ, ಅರ್ಧರಾತ್ರೀಲಿ ಹೆರಿಗೆ ಕಷ್ಟ ಆದ್ರೆ ಗಾಡಿ ತರೋರ್ಯಾರು?’ ಹ್ಯಾಂಬರ್ಗಿನ ವೈದ್ಯರನ್ನು ಕಾಡಿದ್ದೂ ಇದೇ ಭಯ. ಆ ಮಾತಿಗೆ ಕತ್ತರಿ ಹಾಕದೆ, ಮುಂದಿನ ಕಂತಿನಲ್ಲಿ ಹೆರಿಗೆ ಆಸ್ಪತ್ರೆಯ ದಾರಿಯ ಬಗ್ಗೆಯೇ ಮಾತನಾಡಿದೆವು.